ಹದಿಮೂರು ಹಲ್ಲು, ನಲವತ್ತು ಹಲ್ಲು

ಭಾನುವಾರ, ಮಾರ್ಚ್ ಒಂಬತ್ತು
ಅಂಗಡಿಯ ಕೌಂಟರಿನಿಂದ, ಬೆಳಗ್ಗೆ ಹತ್ತೂವರೆ

ಧೂಳಪ್ಪನವರೇ,

ರೇಸಿನಲ್ಲಿ ಧೂಳೆಬ್ಬಿಸುವವರೆಂದು ಊರೆಲ್ಲ ನಿಮ್ಮನ್ನು ಕರೆಯುವ ಹೆಸರಿನಿಂದಲೇ ಶುರು ಮಾಡಿದ್ದೇನೆ. "ಪ್ರೀತಿಯ" ಎಂದು ಬರೆದರೆ, ಮನೆ ಬಿಟ್ಟ ಹದಿನಾಲ್ಕು ತಿಂಗಳ ಮೇಲೆ ಇದೇನು ಹೊಸ ರಾಗ ಎನ್ನುತ್ತೀರಿ. ಏನೂ ಬರೆಯದಿದ್ದರೆ ಇವಳ ಕೋಪ ಇನ್ನೂ ಇಳಿದಿಲ್ಲ ಎನ್ನುತ್ತೀರಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ತಾಯಿಗೆ ಮಾತ್ರ ಐದು ದಿನದಿಂದ ಸೊಂಟ ನೋವು. ಗಾಬರಿಯಾಗಬೇಡಿ, ನಗುತ್ತಲೇ ನರಳುತ್ತಿದ್ದಾರೆ. ಆ ನೋವಿಗೆ ಕಾರಣ ನಾನು, ನಾಲ್ಕು ಚಕ್ರದ ಒಂದು ಕ್ವಾಡ್ ಬೈಕು ಮತ್ತು ಚೈನು ಎಳೆಯುವ ನಲವತ್ತು ಹಲ್ಲಿನ ಒಂದು ಗಾಲಿ, ಒಂದು ಸ್ಪ್ರಾಕೆಟ್ಟು. ಅದನ್ನು ನಿಮಗೆ ಹೇಳದೆ ನನಗೆ ತಡೆಯಲಾಗುತ್ತಿಲ್ಲ. ಅದಾದ ಮೇಲೆ ಇನ್ನೊಂದು ವಿಷಯವಿದೆ. ಅದನ್ನು ಎಲ್ಲಿ ಹೇಳಬೇಕೋ ತಿಳಿಯದು. ಬರೆಯುತ್ತಾ ಹೋದರೆ ಅದೇ ಜಾಗ ಮಾಡಿಕೊಳ್ಳುತ್ತದೆ.

ಅಂಗಡಿ ಹೇಗಿದೆ ಎಂದು ನೀವು ಅತ್ತೆಯನ್ನು ಫೋನಿನಲ್ಲಿ ಕೇಳುತ್ತೀರಂತೆ. ನನ್ನನ್ನು ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಚೈನುಗಳು ಅದೇ ಮೊಳೆಗಳಿಗೆ ನೇತಾಡುತ್ತಿವೆ. ಸ್ಪ್ರಾಕೆಟ್ಟುಗಳನ್ನು ಮಾತ್ರ ಹಲ್ಲಿನ ಲೆಕ್ಕದಲ್ಲಿ ಗೋಡೆಗೆ ಹೊಸದಾಗಿ ಜೋಡಿಸಿದ್ದೇನೆ. ಮೇಲಿನ ಸಾಲಿನಲ್ಲಿ ಎಂಜಿನ್ ಕಡೆಯ ಚಿಕ್ಕವು, ಹನ್ನೊಂದರಿಂದ ಹದಿನಾರರವರೆಗೆ. ಕೆಳಗೆ ಹಿಂದಿನ ಚಕ್ರದ ದೊಡ್ಡವು, ಮೂವತ್ತಾರರಿಂದ ಐವತ್ತೆರಡರವರೆಗೆ. ಮಧ್ಯಾಹ್ನ ಬಿಸಿಲು ಒಳಗೆ ಬಂದಾಗ ಗೋಡೆಯ ತುಂಬ ಸೂರ್ಯಕಾಂತಿ ಅರಳಿದಂತೆ ಕಾಣುತ್ತದೆ. ಹಿಂದಿನ ವರ್ಕ್‌ಶಾಪಿಗೆ ನೀವು ಹಾಕಿ ಹೋದ ಬೀಗವನ್ನು ಮೂರೇ ತಿಂಗಳಿಗೆ ತೆಗೆದೆ. ಆರಿಸಿ ಕೊಡುವುದು ನನ್ನ ಕೆಲಸ, ಬಿಗಿಯುವುದು ನಿಮ್ಮ ಕೆಲಸ ಎನ್ನುವ ಕಾಲ ಹೋಯಿತು. ಈಗ ನಿಮ್ಮ ಸ್ಪ್ಯಾನರುಗಳು ನನ್ನ ಕೈಯ ಮಾತು ಕೇಳುತ್ತವೆ, ಗೊಣಗುತ್ತವೆ, ಆದರೆ ಕೇಳುತ್ತವೆ.

ನಾನು ವರ್ಕ್‌ಶಾಪಿನಲ್ಲಿದ್ದಾಗ ಅತ್ತೆ ಕೌಂಟರ್ ನೋಡಿಕೊಳ್ಳುತ್ತಾರೆ. ಬಂದವರನ್ನೆಲ್ಲ ಕನ್ನಡಕದ ಮೇಲಿನಿಂದ ನೋಡಿ, "ಎಷ್ಟು ಹಲ್ಲು?" ಎನ್ನುತ್ತಾರೆ. ಹೊಸಬರು ಬಾಯಿ ಮುಟ್ಟಿಕೊಳ್ಳುತ್ತಾರೆ. "ನಿಂದಲ್ಲಪ್ಪ, ಗಾಡೀದು," ಎಂದು ಅತ್ತೆ ಗಂಭೀರವಾಗಿ ಹೇಳುತ್ತಾರೆ. ಈ ಒಂದು ಜೋಕಿನಿಂದ ಅವರು ಒಂದು ವರ್ಷ ಕಳೆದಿದ್ದಾರೆ. ಸವೆದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಇಪ್ಪತ್ತನಾಲ್ಕು, ಸೋಮವಾರ. ಅಂಗಡಿ ತೆರೆದು ಕಸ ಗುಡಿಸುತ್ತಿದ್ದೆ. ಬಿಳಿ ಕೋಟು ಹಾಕಿದ ಹೆಂಗಸೊಬ್ಬರು ಕ್ವಾಡನ್ನು ತಳ್ಳಿಕೊಂಡು ಬಂದರು. ತಳ್ಳಿಕೊಂಡು! ಅಷ್ಟು ಭಾರದ ನಾಲ್ಕು ಚಕ್ರದ ಗಾಡಿಯನ್ನು! ಚೈನು ಕಳಚಿ ಜೋತುಬಿದ್ದಿತ್ತು, ಬೆವರು ಕಿವಿಯಿಂದ ಇಳಿಯುತ್ತಿತ್ತು. ಸರ್ಕಾರಿ ಆಸ್ಪತ್ರೆಯ ನರ್ಸಮ್ಮ. ಬೆಟ್ಟದ ಮೇಲಿನ ಮೂವತ್ತೆರಡು ಮನೆಗಳಿಗೆ ತಿಂಗಳಿಗೆರಡು ಸಲ ಔಷಧಿ, ಮಕ್ಕಳ ಲಸಿಕೆ ಒಯ್ಯುವವರು ಅವರೇ. ನಾಲ್ಕು ಕಿಲೋಮೀಟರ್ ಚಪ್ಪಟೆ ರಸ್ತೆ, ಮೂರು ಕಿಲೋಮೀಟರ್ ಕಚ್ಚಾ ದಾರಿ, ಕೊನೆಗೆ ಕತ್ತೆಬೆನ್ನು. ಆ ಏರು ನಿಮಗೆ ಗೊತ್ತು. ನೀವು ಒಮ್ಮೆ ಪಂತ ಕಟ್ಟಿ ಒಂದೇ ಚಕ್ರದ ಮೇಲೆ ಹತ್ತಲು ಹೋಗಿ ಪೊದೆಯೊಳಗಿಂದ ಹೊರಬಂದಿದ್ದಿರಲ್ಲ, ಅದೇ.

"ಅರ್ಧ ಏರೋ ಹೊತ್ತಿಗೆ ಉಸಿರು ಕಟ್ಟಿದ ಹಾಗಾಗಿ ನಿಂತ್ಬಿಡುತ್ತೆ," ಎಂದರು ನರ್ಸಮ್ಮ. "ಆಮೇಲೆ ಪೆಟ್ಟಿಗೆನ ಬೆನ್ನ ಮೇಲೆ ಹಾಕ್ಕೊಂಡು ನಡೀತೀನಿ. ನಾನು ಮೇಲೆ ಹೋಗೋದ್ರೊಳಗೆ ಐಸ್ ಕರಗಿರುತ್ತೆ. ಐಸ್ ಕರಗಿದ್ರೆ ಲಸಿಕೆ ದಂಡ. ಹೋದ ತಿಂಗಳು ಹನ್ನೊಂದು ಮಕ್ಕಳನ್ನ ಸುಮ್ನೆ ಎತ್ತಿ ಮುದ್ದು ಮಾಡಿ ಬಂದಿದೀನಿ, ಅಷ್ಟೇ."

ಅದಕ್ಕಿಂತ ದೊಡ್ಡದು ಮುಂದೆ ಹೇಳಿದರು. ಮಾರ್ಚ್ ಆರರ ಗುರುವಾರ ಆರೋಗ್ಯ ಇಲಾಖೆಯ ಸಾಹೇಬರು ತಪಾಸಣೆಗೆ ಬರುವವರಿದ್ದರು. ಗಾಡಿ ಹತ್ತದಿದ್ದರೆ ಬೆಟ್ಟಕ್ಕೆ ಹೋಗುವುದನ್ನೇ ನಿಲ್ಲಿಸಿ, ಬೆಟ್ಟದ ಮೇಲಿನವರೇ ಕೈಗೂಸುಗಳನ್ನು ಹೊತ್ತು ಕೆಳಗಿಳಿಯಲಿ ಎಂದು ಆದೇಶವಾಗುವುದಿತ್ತು.

ನಾನು ಮಂಡಿಯೂರಿ ನೋಡಿದೆ. ಮುಂದಿನ ಸ್ಪ್ರಾಕೆಟ್ಟಿಗೆ ಹದಿನೈದು ಹಲ್ಲು.

"ಇದನ್ನ ಯಾರು ಹಾಕಿದ್ದು?"

"ದಾರೀಲಿ ಒಬ್ರು. ಮುಂದೆ ದೊಡ್ಡದು ಹಾಕಿದ್ರೆ ಶಕ್ತಿ ಜಾಸ್ತಿ ಅಂದ್ರು. ಮೊದ್ಲು ಹದಿನಾಲ್ಕಿತ್ತು."

ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ನರ್ಸಮ್ಮನಿಗೆ ಸೈಕಲ್ಲಿನ ಉದಾಹರಣೆ ಕೊಟ್ಟು ಬಿಡಿಸಿ ಹೇಳಲು ಹೊರಟೆ. ಅಷ್ಟರಲ್ಲಿ ಅತ್ತೆ ಕೌಂಟರಿನ ಹಿಂದಿನಿಂದಲೇ ಪಾಠ ಮುಗಿಸಿಬಿಟ್ಟರು. "ನೋಡಮ್ಮ, ಮುಂದೆ ಚಿಕ್ಕದು, ಹಿಂದೆ ದೊಡ್ಡದು ಇದ್ರೆ ಗಾಡಿ ನಮ್ಮ ಥರ. ನಿಧಾನ, ಆದ್ರೆ ಹೊತ್ತಿದ್ದನ್ನ ಕೆಳಗಿಡಲ್ಲ. ಮುಂದೆ ದೊಡ್ಡದು, ಹಿಂದೆ ಚಿಕ್ಕದು ಇದ್ರೆ ನನ್ನ ಮಗನ ಥರ. ಬಯಲಲ್ಲಿ ಹಾರ್ತಾನೆ, ಏರು ಬಂದ್ರೆ ಕೂತ್ಬಿಡ್ತಾನೆ."

ನರ್ಸಮ್ಮ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಸಿಟ್ಟಾಗಬೇಡಿ, ಇಷ್ಟು ಚೆನ್ನಾಗಿ ನಾನು ಹನ್ನೆರಡು ವರ್ಷದಲ್ಲಿ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ನಾನು ಯಾವಾಗಲೂ ಕೇಳುವುದನ್ನೇ ಕೇಳಿದೆ. ಗಾಡಿ ಯಾವುದು ಎನ್ನುವುದಕ್ಕಿಂತ ನೀವು ಅದರಲ್ಲಿ ಏನು ಮಾಡುತ್ತೀರಿ, ಎಷ್ಟು ಭಾರ, ಯಾವ ನೆಲ, ಮಣ್ಣೋ ಮರಳೋ ಕಲ್ಲೋ. ಎರಡು ಪೆಟ್ಟಿಗೆ, ಒಟ್ಟು ಐವತ್ತೆಂಟು ಕಿಲೋ. ಕೆಳಗೆ ಕೆಸರು, ಮೇಲೆ ಸಡಿಲ ಜಲ್ಲಿ. ಚಪ್ಪಟೆ ರಸ್ತೆಯಲ್ಲಿ ತೀರ ಎತ್ತಿನಗಾಡಿಯಾಗಬಾರದು, ಏಕೆಂದರೆ ಅಲ್ಲಿಯೂ ಐಸ್ ಕರಗುತ್ತದೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುವ ಗಾದೆ ನಮ್ಮ ವ್ಯಾಪಾರಕ್ಕೆಂದೇ ಹುಟ್ಟಿದ್ದು. ಒಂದು ಕಡೆ ಶಕ್ತಿ ಕೂಡಿಸಿದರೆ ಇನ್ನೊಂದು ಕಡೆ ವೇಗ ಕಳೆಯುತ್ತದೆ.

ಅಲ್ಯೂಮಿನಿಯಂ ಸ್ಪ್ರಾಕೆಟ್ಟು ಹಗುರ, ಹೊಳಪು, ನಿಮ್ಮಂಥ ರೇಸಿನವರಿಗೆ ಸರಿ. ಕೆಸರಿನಲ್ಲಿ ಬೇಗ ಸವೆಯುತ್ತದೆ. ನರ್ಸಮ್ಮನಿಗೆ ಉಕ್ಕಿನದೇ ಬೇಕೆಂದೆ. ಚೈನೂ ಅಷ್ಟೆ. ಪ್ರತಿ ಕೊಂಡಿಯೊಳಗೆ ಗ್ರೀಸು ತುಂಬಿ ಪುಟ್ಟ ರಬ್ಬರ್ ಉಂಗುರದಿಂದ ಮುಚ್ಚಿದ್ದು. ತೂಕ ಸ್ವಲ್ಪ ಹೆಚ್ಚು, ಆದರೆ ಕೆಸರು ಒಳಗೆ ಹೋಗುವುದಿಲ್ಲ. ಮುಂದಕ್ಕೆ ಹದಿಮೂರು ಆರಿಸಿದೆ. ಹನ್ನೆರಡು ಹಾಕಬಹುದಿತ್ತು, ಆದರೆ ಅಷ್ಟು ಸಣ್ಣ ಗಾಲಿಯ ಸುತ್ತ ಬಾಗಿ ಬಾಗಿ ಚೈನಿನ ಆಯುಷ್ಯ ಕಡಿಮೆಯಾಗುತ್ತದೆ. ಹಿಂದಕ್ಕೆ ಮೂವತ್ತೆಂಟು. ನಿಜ ಹೇಳಬೇಕೆಂದರೆ ನಲವತ್ತರ ಮೇಲೂ ಕೈ ಹೋಗಿತ್ತು, ಧೈರ್ಯ ಸಾಲಲಿಲ್ಲ. ರಸ್ತೆಯಲ್ಲಿ ನಿಧಾನವಾಯಿತು ಎಂದು ನಾಳೆ ಬೈಗುಳ ಬಂದರೆ? ನೀವು ಹೋದ ಮೇಲೆ ನಾನು ಹೀಗಾಗಿದ್ದೇನೆ. ಎಲ್ಲದರಲ್ಲೂ ಎರಡು ಹಲ್ಲು ಕಡಿಮೆ.

ಶುಕ್ರವಾರ ಪರೀಕ್ಷೆಗೆ ಹೋದೆವು. ಔಷಧಿ ಪೆಟ್ಟಿಗೆಯನ್ನು ಪಣಕ್ಕಿಡುವಂತಿಲ್ಲ, ಅಷ್ಟೇ ತೂಕದ ಮರಳು ಮೂಟೆ ಕಟ್ಟೋಣ ಎಂದೆ. ಅತ್ತೆ ಸ್ಟೂಲಿನಿಂದ ಎದ್ದು ನಿಂತರು. "ಮರಳು ಯಾಕೆ? ನಾನಿಲ್ವಾ?"

"ಅತ್ತೆ, ನಿಮಗೆ ಅರವತ್ತೇಳು."

"ಕಿಲೋನಾ, ವರ್ಷನಾ?"

"ವರ್ಷ."

"ಕಿಲೋ ಐವತ್ತೊಂಬತ್ತು. ಒಂದು ಕಿಲೋ ಜಾಸ್ತಿ ಇದ್ರೆ ಒಳ್ಳೇದೇ. ಹೆಲ್ಮೆಟ್ ಕೊಡು."

ನಿಮ್ಮ ತಾಯಿ ಒಮ್ಮೆ ನಿಂತರೆಂದರೆ ಕೂರಿಸುವವರು ಯಾರಿದ್ದಾರೆ? ಗೋಡೆಯ ಮೇಲಿದ್ದ ಹಸಿರು ಹೆಲ್ಮೆಟ್ ಕೊಟ್ಟೆ. ನರ್ಸಮ್ಮ ಓಡಿಸಿದರು, ಅತ್ತೆ ಹಿಂದೆ ಅವರ ಸೊಂಟ ಹಿಡಿದು ಕೂತರು, ಚೈನಿನ ಸದ್ದು ಕೇಳಲೆಂದು ನಾನು ಏರಿನಲ್ಲಿ ಪಕ್ಕದಲ್ಲಿ ಓಡುತ್ತಾ ನಡೆಯುತ್ತಾ ಹೋದೆ. ಮುಕ್ಕಾಲು ಏರಿನವರೆಗೆ ಎಲ್ಲ ಚೆನ್ನ. ಅಲ್ಲಿ ಎಂಜಿನ್ ಒಮ್ಮೆ ಬಿಕ್ಕಿತು, ನರಳಿತು, ನಿಂತಿತು. ಅತ್ತೆ ಕೆಳಗಿಳಿದು ಕಲ್ಲಿನ ಮೇಲೆ ಕೂತರು. ನರ್ಸಮ್ಮನ ಮುಖ ಸಣ್ಣಗಾಗಿತ್ತು. ಆಮೇಲೆ ಅತ್ತೆ ಹೇಳಿದರು, "ಬೆಳಗ್ಗೆ ತಿಂಡಿ ತಿನ್ನಬಾರ್ದಿತ್ತು."

ನಗು ಬಂತು, ಆದರೆ ನನಗೆ ತಪ್ಪು ಗೊತ್ತಿತ್ತು. ತಿಂಡಿಯದ್ದಲ್ಲ, ಎರಡು ಹಲ್ಲಿನದ್ದು. ಅಂಗಡಿಗೆ ಬಂದು ನಲವತ್ತು ಹಲ್ಲಿನದನ್ನು ಗೋಡೆಯಿಂದ ಇಳಿಸಿದೆ. ದೊಡ್ಡ ಗಾಲಿಗೆ ಮೊದಲಿನ ಚೈನು ಗಿಡ್ಡ. ಎರಡು ಕೊಂಡಿ ಹೆಚ್ಚಿರುವ ಹೊಸ ಚೈನೇ ಬೇಕಾಯಿತು. ನಮ್ಮಲ್ಲಿದ್ದವೆಲ್ಲ ಗಿಡ್ಡ, ಪೇಟೆಯಿಂದ ಬರಬೇಕು. ಸೋಮವಾರ ಸಂಜೆ ಬಸ್ಸಿನಲ್ಲಿ ಬಂತು. ಮಂಗಳವಾರ ಬೆಳಗ್ಗೆ ಕೂರಿಸಿ, ಎರಡು ಬೆರಳು ಅಲುಗುವಷ್ಟು ಸಡಿಲ ಬಿಟ್ಟು ಬಿಗಿದೆ. ನರ್ಸಮ್ಮನಿಗೆ ಬೀಗದ ಕೈ ಕೊಟ್ಟೆ.

ಅವರು ತೆಗೆದುಕೊಳ್ಳಲಿಲ್ಲ. "ಈ ಸಲ ನೀವೇ ಓಡಿಸಿ," ಎಂದರು.

"ನನಗೆ ಅಭ್ಯಾಸ ತಪ್ಪಿದೆ."

"ಆರಿಸಿದ್ದು ನೀವು, ಬಿಗಿದಿದ್ದು ನೀವು. ನಿಮಗೇ ಅದರ ಮೇಲೆ ಕೂರೋಕೆ ಭಯ ಅಂದ್ರೆ ನಾನು ಯಾವ ಧೈರ್ಯದ ಮೇಲೆ ಸಾಹೇಬ್ರ ಮುಂದೆ ಹತ್ತಲಿ?"

ಇದು ನಿಮಗೆ ಗೊತ್ತಿಲ್ಲ: ರೇಸಿನಲ್ಲಿ ನೀವು ಬಿದ್ದ ದಿನದಿಂದ ನಾನು ಒಂದು ಗಾಡಿಯನ್ನೂ ಹತ್ತಿರಲಿಲ್ಲ. ಚೈನು ಮಾರುತ್ತೇನೆ, ಬಿಗಿಯುತ್ತೇನೆ, ಮನೆಗೆ ನಡೆದು ಹೋಗುತ್ತೇನೆ. ಆವತ್ತು ಹತ್ತಿದೆ. ಹಿಂದಿನಿಂದ ಅತ್ತೆ ಎರಡೂ ತೋಳು ನನ್ನ ಸುತ್ತ ಹಾಕಿ, ಹೆಲ್ಮೆಟ್ಟಿಗೆ ಹೆಲ್ಮೆಟ್ ತಾಗಿಸಿ, "ಏನಾಗಲ್ಲ, ನಡಿ," ಎಂದರು.

ರೀ, ಹೇಗೆ ಹೇಳಲಿ! ಅದು ಹತ್ತಿತು. ಅರ್ಧ ಏರಿನಲ್ಲಿ ಹತ್ತಿತು, ಮುಕ್ಕಾಲು ಏರಿನಲ್ಲೂ ಹತ್ತಿತು. ಹಿಂದಿನ ಸಲ ನಿಂತ ಕಲ್ಲು ಪಕ್ಕದಲ್ಲಿ ಸರಿದುಹೋಗುವುದನ್ನು ಕಂಡೆ. ಎಂಜಿನ್ನಿಗೆ ಅವಸರವೇ ಇರಲಿಲ್ಲ. ಭಾರ ಹೊತ್ತ ಹಮಾಲಿಯ ಹಾಗೆ ಒಂದೊಂದೇ ಹೆಜ್ಜೆ ಊರಿ, ಊರಿದ್ದನ್ನು ಬಿಡದೆ ಮೇಲಕ್ಕೆ ಹೋಯಿತು. ಜಲ್ಲಿ ಹಿಂದಕ್ಕೆ ಸಿಡಿಯುತ್ತಿತ್ತು. ಅತ್ತೆ ಕೂಗುತ್ತಿದ್ದರು. ಹೆದರಿ ಕೂಗುತ್ತಿದ್ದಾರೆಂದು ನಿಲ್ಲಿಸಹೋದರೆ, "ನಿಲ್ಲಿಸಿದ್ರೆ ನೋಡು ಮತ್ತೆ! ಹೊಡಿ!" ಎಂದು ನನ್ನ ಬೆನ್ನಿಗೆ ಗುದ್ದಿದರು. ನೆತ್ತಿ ತಲುಪಿದಾಗ ಮನೆಗಳ ಮುಂದೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸರು ಹಾಗೇ ನಿಂತುಬಿಟ್ಟರು. ಅತ್ತೆ ಇಳಿದು, ಹೆಲ್ಮೆಟ್ ತೆಗೆದು, ನರೆಗೂದಲು ಸರಿಮಾಡಿಕೊಂಡು, ದಿನಾ ಬರುವವರ ಹಾಗೆ, "ಕುಡಿಯೋಕೆ ನೀರು ಕೊಡ್ತೀರಾ?" ಎಂದರು. ಆ ನೀರು ಕುಡಿದ ಮೇಲೆ ಸೊಂಟ ಹಿಡಿದುಕೊಂಡರು ನೋಡಿ, ಇನ್ನೂ ಬಿಟ್ಟಿಲ್ಲ.

ಇಷ್ಟೇ ಆಗಿದ್ದರೆ ಈ ಪತ್ರ ಇಲ್ಲಿಗೆ ಮುಗಿಯುತ್ತಿತ್ತು.

ಅಲ್ಲಿ ಮೇಲೆ, ನರ್ಸಮ್ಮ ನಡೆದು ಬರುವುದನ್ನು ಕಾಯುತ್ತಾ ಇಬ್ಬರೂ ಕೂತಿದ್ದೆವು. ಅತ್ತೆ ಚೈನನ್ನು ನೋಡುತ್ತಾ ಸುಮ್ಮನೆ ಕೇಳಿದರು, "ಅಲ್ಲ, ಹಳೇ ಗಾಲಿ ಮೇಲೆ ಹೊಸ ಚೈನ್ ಹಾಕಿದ್ರೆ ಆಗ್ತಿರ್ಲಿಲ್ವಾ? ಎರಡೂ ಯಾಕೆ ಬದಲಾಯಿಸಿದ್ದು?"

"ಆಗಲ್ಲ ಅತ್ತೆ. ಸವೆದ ಹಲ್ಲು ಕೊಕ್ಕೆ ಥರ ಬಾಗಿರುತ್ತೆ. ಹೊಸ ಚೈನ್ ಅದರ ಮೇಲೆ ಸರಿಯಾಗಿ ಕೂರಲ್ಲ. ಎಳೆದು ಎಳೆದು ಒಂದಿನ ಹಾರುತ್ತೆ, ಇಲ್ಲಾ ತುಂಡಾಗುತ್ತೆ."

"ಹಾಗಾದ್ರೆ ಅವನ ಗಾಡಿಗೂ ಎರಡೂ ಬದಲಾಯಿಸಿದ್ದೆ ಅಲ್ವಾ?"

ಏನೂ ಮನಸ್ಸಿನಲ್ಲಿಟ್ಟುಕೊಂಡು ಕೇಳಿದ್ದಲ್ಲ. ನಾನು ಹೌದು ಎಂದಿದ್ದರೆ ಮುಗಿಯುತ್ತಿತ್ತು. ಹದಿನಾಲ್ಕು ತಿಂಗಳು ಹೇಳಿದ ಸುಳ್ಳನ್ನು ಇನ್ನೊಂದು ಸಲ ಹೇಳುವುದು ಏನು ಕಷ್ಟ? ಆದರೆ ಇಲ್ಲ ಎಂದುಬಿಟ್ಟೆ.

ಅವರಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತೇನೆ. ನಿಮ್ಮ ಗಾಡಿಗೆ ಐವತ್ತು ಹಲ್ಲಿನ ಸ್ಪ್ರಾಕೆಟ್ಟು ಬೇಕು ಎಂದು ಆ ರೇಸಿಗೆ ಮುಂಚೆ ಡಿಸೆಂಬರಿನಲ್ಲೇ ನೀವು ಹೇಳಿದ್ದಿರಿ. ತರಿಸಲು ಮರೆತೆ. ನಾನು! ಯಾವ ಗಿರಾಕಿಯ ಗಾಡಿಗೆ ಎಷ್ಟು ಹಲ್ಲು ಎಂದು ನಿದ್ದೆಗಣ್ಣಿನಲ್ಲೂ ಹೇಳುವವಳು, ಮನೆಯವರ ಗಾಡಿಯದ್ದೇ ಮರೆತೆ. ರೇಸಿನ ಹಿಂದಿನ ದಿನ ಹಳೆಯ ಚೈನು ಎಳೆದು ಉದ್ದವಾಗಿರುವುದನ್ನು ನೋಡಿ ಹೊಸದು ಹಾಕಿದೆ, ಕತ್ತಲಾದ ಮೇಲೆ ಬಂದು ಬಿಗಿದವರು ಎಂದಿನಂತೆ ನೀವು. ಹಿಂದಿನ ಗಾಲಿಯ ಹಲ್ಲುಗಳು ಗರಗಸದಂತೆ ಬಾಗಿದ್ದು ಕಣ್ಣಿಗೆ ಕಂಡಿತು. ಒಂದು ರೇಸಿಗೆ ತಡೆಯುತ್ತದೆ ಎಂದುಕೊಂಡೆ. ನಿಮಗೆ ಹೇಳಿದ್ದರೆ ನೀವು ರೇಸು ಬಿಡುತ್ತಿದ್ದಿರಿ, ಅಥವಾ ನಗುತ್ತಿದ್ದಿರಿ. ಆ ನಗುವಿಗೆ ಹೆದರಿ ಸುಮ್ಮನಾದೆ. ಮೂರನೇ ಸುತ್ತಿನಲ್ಲಿ ಚೈನು ತುಂಡಾಗಿ ಚಕ್ರಕ್ಕೆ ಸಿಕ್ಕಿ, ನೀವು ಹ್ಯಾಂಡಲ್ ಮೇಲಿಂದ ಹಾರಿ ಬಿದ್ದು, ಭುಜದ ಕಾಲರ್ ಮೂಳೆ ಮುರಿದಾಗ ನನಗೆ ಆ ಕ್ಷಣವೇ ಗೊತ್ತಿತ್ತು.

ಗೊತ್ತಿದ್ದೂ ಏನು ಮಾಡಿದೆ? ನೀವು ಆಸ್ಪತ್ರೆಯಲ್ಲಿದ್ದಾಗ ಆ ಗಾಲಿಯನ್ನು ಬಿಚ್ಚಿ ಕೆಳಗಿನ ಕಪಾಟಿನ ಹಿಂದೆ ತಳ್ಳಿದೆ. ಕೇಳಿದವರಿಗೆಲ್ಲ, ಇವರೇ ಚೈನನ್ನು ಅತಿಯಾಗಿ ಬಿಗಿದಿದ್ದರು ಎಂದೆ. ನೀವು ಕೈ ಜೋಲಿಗೆ ಹಾಕಿಕೊಂಡು ಅಂಗಡಿಗೆ ಬಂದು, ಗಿರಾಕಿಗಳ ಎದುರಿಗೇ, "ಇವಳ ಕೈಲಿ ಚೈನ್ ಆರಿಸೋಕೆ ಬಿಟ್ಟಿದ್ದೇ ನನ್ನ ತಪ್ಪು," ಎಂದಿರಿ. ಆ ಮಾತು ನನಗೆ ಚುಚ್ಚಿತು, ಅದು ನಿಜವಾಗಿದ್ದರಿಂದಲೇ ಅಷ್ಟು ಚುಚ್ಚಿತು. "ಓಡಿಸೋಕೆ ಬರದವನಿಗೆ ಯಾವ ಚೈನ್ ಆದ್ರೇನು," ಎಂದುಬಿಟ್ಟೆ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲವಂತೆ. ನೀವು ಬೇರೆ ಊರಿನ ಟ್ರ್ಯಾಕಿನಲ್ಲಿ ಕೆಲಸ ಹಿಡಿದು ಹೋದಿರಿ. ನಾನು ತಡೆಯಲಿಲ್ಲ. ತಡೆದಿದ್ದರೆ ಕಾರಣ ಹೇಳಬೇಕಿತ್ತು.

ಬೆಟ್ಟದ ಮೇಲೆ ಅತ್ತೆ ಇದನ್ನೆಲ್ಲ ಕೇಳಿ, ಮಡಿಲಲ್ಲಿದ್ದ ಹೆಲ್ಮೆಟ್ಟನ್ನು ಪಕ್ಕಕ್ಕಿಟ್ಟರು. ಆಮೇಲೆ ಹೇಳಿದರು. "ಅವನು ಅಲ್ಲಿ ಚೈನ್ ಕೆಲಸ ಮಾಡ್ತಾ ಇಲ್ಲ, ಗೊತ್ತಾ? ಬೇರೆ ಎಲ್ಲಾ ಮಾಡ್ತಾನಂತೆ. ಚೈನ್ ಬಿಗಿಯೋದು ಬಂದ್ರೆ ಪಕ್ಕದವನಿಗೆ ಕೊಡ್ತಾನಂತೆ. ಯಾಕೋ ಅಂದ್ರೆ, ಕೈ ಮೇಲೆ ನಂಬಿಕೆ ಇಲ್ಲಮ್ಮ ಅಂದ."

ನನಗೆ ಗೊತ್ತಿರಲಿಲ್ಲ, ರೀ. ನೀವು ನನ್ನ ಸುಳ್ಳನ್ನು ನಂಬಿರಬಹುದು ಎಂದು ಒಂದು ದಿನವೂ ಹೊಳೆಯಲಿಲ್ಲ. ಹೊರಗೆ ನನ್ನನ್ನು ಬೈದು, ಒಳಗೆ ನಿಮ್ಮ ಕೈಯನ್ನೇ ಅನುಮಾನಿಸುತ್ತಾ ಕೂತಿದ್ದಿರೇ? ನಿಮ್ಮ ಕೈಯಲ್ಲಿ ಏನೂ ತಪ್ಪಿರಲಿಲ್ಲ. ನೀವು ಬಿಟ್ಟ ಸಡಿಲ ಸರಿಯಾಗಿತ್ತು, ರೇಸಿನ ಗಾಡಿಗೆ ಬೇಕಾದ ಮೂರು ಬೆರಳು, ನಾನೇ ಇಟ್ಟು ನೋಡಿದ್ದೆ. ಇದನ್ನು ಎರಡು ಸಲ ಓದಿ.

ಕೆಳಗಿಳಿದ ಮೇಲೆ ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಬುಧವಾರ ಪೂರ್ತಿ, ಗುರುವಾರ ಸಂಜೆಯವರೆಗೆ. ನಾನು ಮಾಡಿದ ಟೀ ಮುಟ್ಟಲಿಲ್ಲ, ಎದುರು ಅಂಗಡಿಯಿಂದ ತರಿಸಿ ಕುಡಿದರು, ಮುಖ ಹುಳಿ ಮಾಡಿಕೊಂಡು. ಕೌಂಟರಿನಲ್ಲಿ ಹಲ್ಲಿನ ಜೋಕೂ ಇಲ್ಲ. ಅವರು ಬಾಯಿ ಮುಚ್ಚಿದ ಅಂಗಡಿ ಎಷ್ಟು ದೊಡ್ಡದಾಗಿ ಕಾಣುತ್ತದೆಂದು ಮೊದಲ ಸಲ ಗೊತ್ತಾಯಿತು.

ಗುರುವಾರ ಐದು ಗಂಟೆಗೆ ರಸ್ತೆಯ ತಿರುವಿನಲ್ಲಿ ಹಾರ್ನ್ ಕೇಳಿಸಿತು. ಒಂದೇ ಸಮನೆ. ನರ್ಸಮ್ಮ ಕ್ವಾಡಿನ ಮೇಲೆ ನಿಂತುಕೊಂಡೇ ಬಂದರು, ಬಿಳಿ ಕೋಟು ಹಿಂದಕ್ಕೆ ಹಾರುತ್ತಿತ್ತು. ಇಳಿದವರೇ ನನ್ನನ್ನು ಅಪ್ಪಿ ಎತ್ತಿಬಿಟ್ಟರು. ಸಾಹೇಬರ ಜೀಪು ಕತ್ತೆಬೆನ್ನಿನ ಬುಡದಲ್ಲೇ ನಿಂತಿತಂತೆ. "ನೀವು ಹೋಗಿ ಬನ್ನಿ, ನಾನು ಇಲ್ಲೇ ಬರ್ಕೋತೀನಿ," ಎಂದರಂತೆ ಸಾಹೇಬರು. ನರ್ಸಮ್ಮ ಬಿಡಲಿಲ್ಲ. "ಸಾರ್, ಮೊನ್ನೆ ಅರವತ್ತೇಳು ವರ್ಷದ ಅಮ್ಮ ಇದೇ ಸೀಟಲ್ಲಿ ಕೂತು ಹತ್ತಿದ್ದಾರೆ."

"ಕೂತ್ರಾ?" ಎಂದೆ.

"ಕೂರದೆ ಏನ್ಮಾಡ್ತಾರೆ? ಹಿಂದೆ ಸಾಹೇಬ್ರು, ಮುಂದೆ ಪೆಟ್ಟಿಗೆ."

ಅಷ್ಟು ಭಾರಕ್ಕೆ ನಾನು ಲೆಕ್ಕ ಹಾಕಿರಲಿಲ್ಲ. "ಹತ್ತಿತಾ?"

"ಹತ್ತಿತಾ ಅಂತೀರಲ್ಲ! ಸಾಹೇಬ್ರು ಕಣ್ಣು ಮುಚ್ಚಿದ್ದವರು ಮೇಲೆ ಹೋದ್ಮೇಲೇ ತೆರೆದಿದ್ದು. ಪೆಟ್ಟಿಗೆ ಮುಚ್ಚಳ ತೆಗೆದ್ರೆ ಐಸು ಇಟ್ಟ ಹಾಗೇ ಇದೆ. ಹನ್ನೊಂದು ಮಕ್ಕಳಿಗೂ ಆಯ್ತು. ಹನ್ನೊಂದೂ ಒಟ್ಟಿಗೆ ಅತ್ತವು, ಅಯ್ಯೋ, ಎಂಥಾ ಚೆಂದ ಅಳು!"

ಬೆಟ್ಟಕ್ಕೆ ಹೋಗುವುದನ್ನು ನಿಲ್ಲಿಸುವ ಮಾತೇ ಇಲ್ಲವಂತೆ. ಇಲಾಖೆಯ ಇನ್ನೂ ಆರು ಕ್ವಾಡುಗಳು ಬೇರೆ ಬೇರೆ ಬೆಟ್ಟಗಳಲ್ಲಿ ಹೀಗೇ ತಿಣುಕಾಡುತ್ತಿವೆಯಂತೆ. ಅವನ್ನೂ ನಮ್ಮ ಅಂಗಡಿಗೇ ಕಳಿಸಲು ಸಾಹೇಬರು ಅಲ್ಲೇ, ಪೆಟ್ಟಿಗೆಯ ಮೇಲೆ ಕಾಗದವಿಟ್ಟು, ಬರೆದುಕೊಟ್ಟರಂತೆ. ಒಂದಕ್ಕೆ ಮರಳು ನೆಲ, ಒಂದಕ್ಕೆ ಹೊಳೆ ದಾಟಬೇಕು, ಒಂದಕ್ಕೆ ಬರೀ ಬಂಡೆ. ಆರಕ್ಕೂ ಬೇರೆ ಬೇರೆ ಹಲ್ಲು. ಯೋಚಿಸಿದರೇ ನನಗೆ ಹಸಿವಾಗುತ್ತದೆ.

ನರ್ಸಮ್ಮ ಹೋದ ಮೇಲೆ ಅತ್ತೆ ಅಡುಗೆಮನೆಗೆ ಹೋದರು. ತಾವೇ ಟೀ ಮಾಡಿ ಎರಡು ಲೋಟ ತಂದರು. ಒಂದನ್ನು ನನ್ನ ಮುಂದಿಟ್ಟು, ಎರಡು ದಿನದ ಮೇಲೆ ಬಾಯಿ ಬಿಟ್ಟರು. "ಚೈನ್ ಹೋಗಿದ್ದು ತಪ್ಪಲ್ಲ. ಯಾರಿಗಾದ್ರೂ ಮರೆವು ಬರುತ್ತೆ. ಬಚ್ಚಿಟ್ಟಿದ್ದು ತಪ್ಪು. ಅವನೂ ಏನು ಕಮ್ಮಿ ಇಲ್ಲ, ನಾಲ್ಕು ಜನರ ಮುಂದೆ ಹೆಂಡ್ತೀನ ಅಂದವನು. ನನ್ನ ಪಾಲಿಗೆ ಇಬ್ಬರೂ ಒಂದೇ ಬೆಲೆ. ಬರಿ ಅವನಿಗೆ. ಪೂರ್ತಿ ಬರಿ. ಅರ್ಧ ಬರೆದ್ರೆ ನಾನೇ ಮಿಕ್ಕಿದ್ದು ಬರೀತೀನಿ, ನನ್ನ ಕೈಬರಹ ನಿನಗೆ ಗೊತ್ತಲ್ಲ."

ಅದಕ್ಕೆ ಪೂರ್ತಿ ಬರೆದಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಉಸಿರು ಕೇಳಿಸಿದರೆ ನಾನು ಮಾತು ತಿರುಗಿಸುತ್ತೇನೆ, ನನಗೆ ನನ್ನ ಮೇಲೆ ಅಷ್ಟು ನಂಬಿಕೆ ಇಲ್ಲ. ಆ ಹಳೆಯ ಗಾಲಿಯನ್ನು ಕಪಾಟಿನ ಹಿಂದಿನಿಂದ ತೆಗೆದು, ಒರೆಸಿ, ಕೌಂಟರಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಿದ್ದೇನೆ. ಹೊಸ ಚೈನು ಕೇಳಲು ಬಂದವರಿಗೆಲ್ಲ ತೋರಿಸುತ್ತೇನೆ. ಸವೆದ ಹಲ್ಲು ಹೀಗಿರುತ್ತದೆ, ಇದರ ಮೇಲೆ ಹೊಸ ಚೈನ್ ಹಾಕಿ ನನ್ನ ಗಂಡನನ್ನು ಬೀಳಿಸಿದ್ದೇನೆ, ನೀವು ಹಾಗೆ ಮಾಡಬೇಡಿ ಎನ್ನುತ್ತೇನೆ. ನಿನ್ನೆ ಒಬ್ಬರು ಬೆಚ್ಚಿಬಿದ್ದು ಮುಂದಿನದು, ಹಿಂದಿನದು, ಚೈನು ಮೂರೂ ಒಯ್ದರು.

ಕ್ಷಮಿಸಿ ಎಂದು ಕೇಳುವ ಮೊದಲು ನಿಮ್ಮ ಕೈಯನ್ನು ನೀವು ನಂಬಿ ಎಂದು ಕೇಳುತ್ತೇನೆ. ಆಮೇಲೆ, ನಿಮಗೆ ಮನಸ್ಸಿದ್ದರೆ, ಕ್ಷಮಿಸಿ. ಆರು ಕ್ವಾಡುಗಳ ಕೆಲಸಕ್ಕೆ ಆಳು ಬೇಕೆಂದು ಕರೆಯುತ್ತಿಲ್ಲ. ಅದನ್ನು ನಾನೊಬ್ಬಳೇ ಮಾಡಬಲ್ಲೆ, ಈಗ ಅದು ನನಗೂ ಗೊತ್ತು, ಊರಿಗೂ ಗೊತ್ತು. ಕೆಲಸ ಮುಗಿದ ಮೇಲೆ ಹತ್ತಿತಾ ಎಂದು ಬಾಗಿಲಲ್ಲಿ ಕಾದು ಕೇಳುವವರು ಬೇಕು. ಬೆಟ್ಟದ ನೆತ್ತಿಯಲ್ಲಿ ನಿಂತಾಗ ಅತ್ತೆಗೂ ನನಗೂ ಒಂದೇ ಯೋಚನೆ ಬಂದಿದ್ದು, ಛೆ, ಇದನ್ನು ನೀವು ನೋಡಬೇಕಿತ್ತು ಎಂದು.

ಇನ್ನೇನು ಬರೆಯಲಿ? ಮಾತು ಮುಗಿದ ಕಡೆ ಸಹಿ ಹಾಕುತ್ತೇನೆ.

ನಿಮ್ಮವಳು

ಮರೆತ ಮಾತು (ಸೋಮವಾರ, ಮಧ್ಯಾಹ್ನ ಹನ್ನೆರಡು):
ಅಂಚೆಗೆ ಹಾಕಬೇಕೆಂದೇ ಮನೆ ಬಿಟ್ಟೆ. ಡಬ್ಬಿಯ ಮುಂದೆ ನಿಂತು ಯೋಚಿಸಿದೆ, ಇದು ನಿಮಗೆ ತಲುಪಲು ಮೂರು ದಿನ, ನೀವು ಯೋಚಿಸಲು ಮೂರು ತಿಂಗಳು. ಅಷ್ಟರಲ್ಲಿ ನಿಮ್ಮ ಊರಿನ ಬಸ್ಸು ಬಂತು, ಹತ್ತಿಬಿಟ್ಟೆ. ಈ ಕಾಗದವನ್ನು ನಿಮ್ಮ ಟ್ರ್ಯಾಕಿನ ಗೇಟಿನ ಕಾವಲುಗಾರರ ಕೈಯಲ್ಲಿ ಒಳಗೆ ಕಳಿಸುತ್ತಿದ್ದೇನೆ. ನಾನು ಹೊರಗೆ ಕಲ್ಲುಬೆಂಚಿನ ಮೇಲೆ ಕೂತಿದ್ದೇನೆ, ಬೆಳಗ್ಗಿನಿಂದ ಊಟ ಮಾಡಿಲ್ಲ. ಬೈಯುವುದಿದ್ದರೆ ಹೊರಗೆ ಬಂದು ಬೈಯಿರಿ. ಒಳಗೆ ಬಹಳ ಸದ್ದು, ನನಗೆ ಒಂದು ಮಾತೂ ತಪ್ಪಿಹೋಗಬಾರದು.